ಮಾಡಿನ ಮೇಲೆ ಹವಾಯಿ ಚಪ್ಪಲಿ

ಪಕ್ಕದ ಮನೆಯ ಮಾಡಿಗೆ (ಛಾವಣಿಗೆ) ಇಂದು ಹೊಸ ಪಕಾಸು, ಅಂದರೆ ಮಾಡನ್ನು ಹೊರುವ ಓರೆ ಮರಗಳನ್ನು, ಏರಿಸುತ್ತಿದ್ದಾರೆ. ಗೋಡೆಯ ತಲೆಯ ಮೇಲೆ ಬಡಗಿ ನಡೆಯುತ್ತಿದ್ದರು. ಕೈಯಲ್ಲಿ ಸುತ್ತಿಗೆ, ಕಾಲಲ್ಲಿ ಹವಾಯಿ ಚಪ್ಪಲಿ.

ನನ್ನ ಕಣ್ಣೆಲ್ಲ ಆ ಚಪ್ಪಲಿಯ ಮೇಲೆಯೇ. ಹಿಮ್ಮಡಿಯ ಕಡೆ ಸವೆದು ತೆಳ್ಳಗಾಗಿದೆ, ಅಡಿಯ ಗೆರೆಗಳೆಲ್ಲ ಮಾಯ. ಹೆಜ್ಜೆ ಎತ್ತಿದಾಗಲೆಲ್ಲ ಹಿಮ್ಮಡಿ ಬಿಟ್ಟು ಜೋತಾಡುತ್ತದೆ. ಮರ ಕೊಯ್ದ ಹುಡಿ ಬೇರೆ ಹಲಗೆಯ ತುಂಬ. ಅದರ ಮೇಲೆ ಕಾಲಿಡುವುದೆಂದರೆ ಸಾಸಿವೆ ಚೆಲ್ಲಿದ ನೆಲದ ಮೇಲೆ ನಡೆದಂತೆ.

ಅವರು ಚಹಾಕ್ಕೆ ಇಳಿದಾಗ, ಬೂಟು ಯಾಕೆ ಹಾಕುವುದಿಲ್ಲ ಎಂದು ಕೇಳಿದೆ.
“ಬೂಟು ಹಾಕಿದರೆ ಮರ ಕಾಲಿಗೆ ಗೊತ್ತಾಗುವುದಿಲ್ಲ ಅಕ್ಕಾ” ಎಂದರು.

ಮಾತು ಸುಳ್ಳಲ್ಲ. ಗಡಸು ಅಡಿಯ ಬೂಟಿಗೆ ರೀಪಿನ (ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆಯುವ ತೆಳು ಮರದ ಪಟ್ಟಿಯ) ಅಂಚು ತಿಳಿಯುವುದಿಲ್ಲ. ಬರಿಗಾಲಾದರೆ ಮೊಳೆಯ ಭಯ. ಬಾಗುವ ರಬ್ಬರ್ ಅಡಿಯ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಲೇಸಿನ ಶೂ ಆದರೆ ಎರಡಕ್ಕೂ ಸರಿ.

ಶೂಗಿಂತ ದೊಡ್ಡ ಚಿಂತೆ, ಬಿದ್ದರೆ ಹಿಡಿಯುವ ಹಗ್ಗದ್ದು. ಅಮೆರಿಕದಲ್ಲಿ ಮನೆ ಕಟ್ಟುವ ಬಡಗಿಗಳಿಗೆ 6 ಅಡಿ ಎತ್ತರದಿಂದಲೇ ಬೀಳದಂತೆ ಕಾಯುವ ವ್ಯವಸ್ಥೆ ಕಡ್ಡಾಯ. ಈ ಮಾಡು ಅದರ ಎರಡು ಪಟ್ಟು ಎತ್ತರವಿದೆ! ಬರೀ ಸೊಂಟದ ಬೆಲ್ಟ್ ಸಾಲದು, ಬಿದ್ದಾಗ ಏಟೆಲ್ಲ ಹೊಟ್ಟೆಗೆ, ಬೆನ್ನಿಗೆ. ಹೆಗಲು, ತೊಡೆ ಎರಡನ್ನೂ ಸುತ್ತಿ ಹಿಡಿಯುವ ಪಟ್ಟಿಗಳ ಹಾರ್ನೆಸ್ ಬೇಕು. ಅದರ ಹಗ್ಗವನ್ನೂ ಇನ್ನೂ ಮೊಳೆ ಕಾಣದ ಪಕಾಸಿಗೆ ಕಟ್ಟಿದರೆ ಕಟ್ಟದ ಹಾಗೆಯೇ.

ಇದನ್ನು ಕೆಲಸಕ್ಕೆ ಕರೆಸಿದವರೇ ಕೊಡಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮರಕ್ಕೆ ಸುರಿಯುವ ಹಣದ ಮುಂದೆ ಇದು ಎಷ್ಟು ಮಹಾ? ಸಂಜೆ ಪಕ್ಕದ ಮನೆಯವರ ಹತ್ತಿರ ಮಾತಾಡುತ್ತೇನೆ. ಒಳ್ಳೆಯ ಹಾರ್ನೆಸ್ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ, ತಿಳಿದವರು ಹೇಳಿ.