"ಇದನ್ನ ಬೇರೆ ಯಾರಾದ್ರೂ ಮಾಡಿದ್ದಾರಾ?"

ಮಂಗಳವಾರದ ಮೀಟಿಂಗ್ ಇನ್ನೂ ತಲೆಯಿಂದ ಹೋಗಿಲ್ಲ. ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಬೆರೆಸಿ ಜನ ಬರೆಯುವ ದೂರುಗಳು ನಮ್ಮ ಸಾಫ್ಟ್‌ವೇರಿಗೆ ಅರ್ಥವಾಗದೆ "ಇತರೆ" ಅನ್ನೋ ಗುಂಪಿಗೆ ಬೀಳುತ್ತವೆ. ಅಲ್ಲಿ ಬಿದ್ದದ್ದನ್ನು ಯಾರೂ ಬೇಗ ನೋಡಲ್ಲ. ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗಿ ಇದಕ್ಕೊಂದು ದಾರಿ ಹುಡುಕಿ, ತನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಿ ತೋರಿಸಿದಳು.

ಮ್ಯಾನೇಜರ್ ಕೇಳಿದರು, "ಇದನ್ನ ಬೇರೆ ಯಾರಾದ್ರೂ ಮಾಡಿದ್ದಾರಾ?"

"ಇಲ್ಲ ಸರ್, ಯಾರೂ ಮಾಡಿಲ್ಲ!" ಅವಳಿಗೆ ಅದೇ ಹೆಮ್ಮೆ.

"ಹಾಗಾದ್ರೆ ಸದ್ಯಕ್ಕೆ ಬೇಡಮ್ಮ. ನೆಕ್ಸ್ಟ್ ಏನಿದೆ?"

ಯಾರೂ ಮಾಡಿಲ್ಲ ಅನ್ನೋದೇ ಬೇಡ ಅನ್ನೋದಕ್ಕೆ ಕಾರಣವಾಯ್ತಲ್ಲ! ಆ ಮನುಷ್ಯ ಕೆಟ್ಟವರಲ್ಲ. ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಫೋನ್ ಮಾಡೋದು ಅವರೇ. ಆದರೆ ಕೆಲಸ ಕೆಟ್ಟರೆ ಮೇಲಿನವರ ಮುಂದೆ ನಿಲ್ಲಬೇಕಾದವರೂ ಅವರೇ, ಆ ಮೇಲಿನವರಿಗೂ ಇನ್ನೊಬ್ಬರು ಮೇಲಿದ್ದಾರೆ. ಹೀಗೆ ಭಯ ಮೆಟ್ಟಿಲಿಳಿದು ಬಂದು ಹೊಸಬರ ತನಕ ಮುಟ್ಟುತ್ತೆ.

ಇಲ್ಲೇ ಪಕ್ಕದ ಹೊಸೂರಿನಲ್ಲಿ ಬೇರೆ ಥರ ನಡೆದಿದೆ. ಟೈಟಾನ್ ಕಟ್ಟಿದ ಜೆರ್ಕ್ಸಿಸ್ ದೇಸಾಯಿ, ತೀರಾ ತೆಳುವಾದ, ಆದರೆ ನೀರು ಒಳಗೆ ಹೋಗದ ವಾಚ್ ಬೇಕು ಅಂದರು. ಸ್ವಿಸ್ ತಯಾರಕರು ಆಗಲ್ಲ ಅಂದಿದ್ದರಂತೆ. ಆದರೂ ದೇಸಾಯಿ ಕೈಬಿಡಲಿಲ್ಲ. ತಮ್ಮ ಎಂಜಿನಿಯರುಗಳಿಗೆ ವರ್ಷಗಟ್ಟಲೆ ಸಮಯ ಕೊಟ್ಟರು. ಒಳಗಿನ ಯಂತ್ರ ಬರೀ 1.15 ಮಿಲಿಮೀಟರ್, ಇಡೀ ವಾಚ್ 3.5 ಮಿಲಿಮೀಟರ್ ದಪ್ಪ. 2002ರಲ್ಲಿ ಅದು "ಎಡ್ಜ್" ಅಂತ ಅಂಗಡಿಗೆ ಬಂತು. ಅಲ್ಲಿನ ಎಂಜಿನಿಯರುಗಳು ಜಾಣರು, ನಿಜ. ಆದರೆ ನಮ್ಮಲ್ಲೂ ಜಾಣರಿಗೆ ಬರ ಇಲ್ಲ. ಆಗೋ ತನಕ ಕಾಯ್ತೀನಿ ಅನ್ನೋ ಯಜಮಾನ ಅವರಿಗೆ ಸಿಕ್ಕಿದ್ದರು, ಅಷ್ಟೇ ವ್ಯತ್ಯಾಸ.

ಟಾಟಾ ಸಮೂಹದಲ್ಲಿ "ಡೇರ್ ಟು ಟ್ರೈ" ಅಂತ ಒಂದು ಪ್ರಶಸ್ತಿಯೇ ಇದೆ. ಮನಸ್ಸಿಟ್ಟು ಪ್ರಯತ್ನಿಸಿ ಗುರಿ ಮುಟ್ಟದೆ ಹೋದ ಟೀಮುಗಳನ್ನು ಕರೆದು ಗೌರವಿಸ್ತಾರೆ. ಲಕ್ಷಗಟ್ಟಲೆ ಜನ ದುಡಿಯುವ ಕಡೆ ಇದು ಬೇಕೇ ಬೇಕು ಅನಿಸುತ್ತೆ. ಸೋತವರನ್ನು ಏನು ಮಾಡಿದರು ಅಂತ ಉಳಿದವರೆಲ್ಲ ನೋಡ್ತಾನೇ ಇರ್ತಾರೆ, ಅಲ್ವಾ? ಗೋಡೆ ಮೇಲೆ "ಇನೊವೇಷನ್" ಅಂತ ಎಷ್ಟು ದೊಡ್ಡದಾಗಿ ಬರೆದರೂ ಜನ ನಂಬೋದು ಕಣ್ಣಾರೆ ಕಂಡದ್ದನ್ನೇ.

ನಿನ್ನೆ ಆ ಹುಡುಗಿಯನ್ನು "ಇನ್ನೊಮ್ಮೆ ಕೇಳಿ ನೋಡೋಣ್ವಾ?" ಅಂತ ಕೇಳಿದೆ. "ಬಿಡಿ ಮೇಡಂ, ಸುಮ್ನೆ ಯಾಕೆ" ಅಂದಳು. ಆ ಮಾತು ಕೇಳಿ ಸಿಟ್ಟೂ ಬಂತು, ಸಂಕಟವೂ ಆಯ್ತು. ಸೋಮವಾರ ಮ್ಯಾನೇಜರ್ ಹತ್ತಿರ ಹೋಗ್ತಿದ್ದೀನಿ. ಎರಡು ವಾರ ಸಮಯ, ಒಂದು ಊರಿನ ದೂರುಗಳು ಸಾಕು. ಆಗಲಿಲ್ಲ ಅಂದ್ರೆ ಅದು ಅವಳ ಅಪ್ರೈಸಲ್‌ನಲ್ಲಿ ಬರಬಾರದು. ಇಷ್ಟನ್ನು ಮೇಲ್‌ನಲ್ಲೇ ಬರೆಸಿಕೊಂಡು ಬರ್ತೀನಿ.