ಹಲ್ಲು ಕೀಳುವಾಗ ತುಂಬಾ ನೋವಾಗುತ್ತಾ ಸಿಸ್ಟರ್?

ಕೊಡಗಿನ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ನನಗೆ ಕೆಲಸ. ಡಾಕ್ಟರ್ ಅಲ್ಲ. ಅವರ ಪಕ್ಕ ನಿಂತು ಇಕ್ಕಳ, ಹತ್ತಿ ಕೊಡುವವಳು, ಬಾಯಲ್ಲಿ ತುಂಬುವ ನೀರು ಎಳೆಯುವ ಪೈಪ್ ಹಿಡಿಯುವವಳು. ಡಾಕ್ಟರ್ ಹತ್ತಿರ ಕೇಳೋಕೆ ಸಂಕೋಚ ಪಡುವವರೆಲ್ಲ ಅವರು ಆ ಕಡೆ ತಿರುಗಿದ ಕೂಡಲೇ ನನ್ನ ಕೈ ಹಿಡಿದು ಕೇಳುವುದು ಒಂದೇ ಪ್ರಶ್ನೆ: "ತುಂಬಾ ನೋವಾಗುತ್ತಾ ಸಿಸ್ಟರ್?" ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ. ಅದಕ್ಕೆ ಪೂರ್ತಿ ಉತ್ತರ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಕೀಳುವಾಗ ನೋವಾಗಲ್ಲ. ಸೂಜಿ ಚುಚ್ಚುವಾಗ ಆಗುತ್ತದೆ, ಜೋಮು ಇಳಿದ ಮೇಲೆ ಸ್ವಲ್ಪ ಆಗುತ್ತದೆ. ಎಲ್ಲರೂ ಹೆದರುವುದು ಕುರ್ಚಿ ಮೇಲಿನ ಆ ಸ್ವಲ್ಪ ಹೊತ್ತಿಗೆ. ಆದರೆ ಜೋಪಾನ ಬೇಕಾದದ್ದು ಆಮೇಲಿನ ಮೂರು-ನಾಲ್ಕು ದಿನ, ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಸೂಜಿ ವಿಷಯ. ಕೊಡುವ ಮದ್ದು ಲಿಗ್ನೋಕೇನ್. ಇದನ್ನು 1943ರಲ್ಲಿ ಸ್ವೀಡನ್‌ನಲ್ಲಿ ತಯಾರಿಸಿದರು. ನಮ್ಮ ಅಜ್ಜಂದಿರು ಹೇಳುವ, ನಾಲ್ಕು ಜನ ಹಿಡಿದುಕೊಂಡು ಹಲ್ಲು ಕಿತ್ತ ಕಥೆಗಳೆಲ್ಲ ಈ ಮದ್ದು ಊರೂರಿಗೆ ಬರುವ ಮುಂಚಿನವು. ಕೆಳಗಿನ ದವಡೆ ಹಲ್ಲಿಗಾದರೆ ಬಾಯಿಯ ಹಿಂಭಾಗದಲ್ಲಿ ಚುಚ್ಚುತ್ತಾರೆ, ಸ್ವಲ್ಪ ಹೊತ್ತಿಗೆ ಆ ಕಡೆಯ ಅರ್ಧ ತುಟಿ, ಅರ್ಧ ನಾಲಿಗೆ ದಪ್ಪವಾದ ಹಾಗೆ ಅನ್ನಿಸುತ್ತದೆ. ಮೇಲಿನ ಹಲ್ಲಿಗೆ ಅಂಗುಳಿಗೂ ಒಂದು ಸೂಜಿ ಬೇಕಾಗುತ್ತದೆ, ಅದು ಉಳಿದದ್ದಕ್ಕಿಂತ ಜಾಸ್ತಿ ಉರಿ, ಸುಳ್ಳು ಹೇಳಲ್ಲ. ಮದ್ದಿನ ಜೊತೆ ಅಡ್ರಿನಲಿನ್ ಸೇರಿಸಿರುವುದರಿಂದ ಕೆಲವರಿಗೆ ಎದೆ ಢವಢವ ಅನ್ನುತ್ತದೆ. ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ, ಗಾಬರಿ ಬೇಡ. ಹಾಗಾದರೆ ಡಾಕ್ಟರ್‌ಗೆ ಹೇಳಿ.

ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದರೆ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಕೆಲವೊಮ್ಮೆ ಡಾಕ್ಟರ್ ಮಾತ್ರೆ ಕೊಟ್ಟು ಎರಡು ದಿನ ಬಿಟ್ಟು ಬನ್ನಿ ಅನ್ನುವುದು ಅದಕ್ಕೇ, ಸುಮ್ನೆ ಓಡಾಡಿಸೋಕೆ ಅಲ್ಲ.

ಆಮೇಲೆ ಒತ್ತಡ. ಜೋಮು ತಡೆಯುವುದು ನೋವನ್ನು ಮಾತ್ರ, ಒತ್ತುವುದು, ಅಲ್ಲಾಡಿಸುವುದು ಎಲ್ಲ ಗೊತ್ತಾಗುತ್ತದೆ. ಒಮ್ಮೊಮ್ಮೆ ಕಟ್ ಅಂತ ಸದ್ದೂ ಕೇಳುತ್ತದೆ. ಆ ಸದ್ದಿಗೇ ಎಷ್ಟೋ ಜನ ಕುರ್ಚಿಯಿಂದ ಏಳೋಕೆ ನೋಡುತ್ತಾರೆ. ದವಡೆ ಮುರಿಯಿತು ಅಂದುಕೊಳ್ಳಬೇಡಿ. ಹಲ್ಲು ಮೂಳೆಯಿಂದ ಬಿಡಿಸಿಕೊಳ್ಳುವಾಗ ಹಾಗೆ ಆಗುತ್ತದೆ, ಹುಳುಕು ಹಲ್ಲಾದರೆ ತುಂಡಾಗಿಯೂ ಬರುತ್ತದೆ. ನಿಜವಾಗಿ ಚುಚ್ಚಿದ ಹಾಗೆ ನೋವಾದರೆ ಎಡಗೈ ಎತ್ತಿ. ಇನ್ನೊಂಚೂರು ಮದ್ದು ಕೊಡುತ್ತಾರೆ. ಹಲ್ಲು ಕಚ್ಚಿ ಸಹಿಸಿಕೊಂಡವರಿಗೆ ಬಹುಮಾನ ಏನೂ ಇಲ್ಲ.

ಬರುವಾಗ ಊಟ ಮಾಡಿಕೊಂಡೇ ಬನ್ನಿ. ಆಪರೇಷನ್ ಅಂದುಕೊಂಡು ಬರೀ ಒಂದು ಲೋಟ ಬೆಲ್ಲದ ಕಾಫಿ ಕುಡಿದು, ಬೆಳಗ್ಗೆ ಎದ್ದು ಎರಡು ಬಸ್ ಹಿಡಿದು ಬರುವವರಿದ್ದಾರೆ. ತಲೆ ತಿರುಗಿ ಬೀಳುವುದು ಹೆಚ್ಚಾಗಿ ಇವರೇ. ಹಾಗೇ, ತಿನ್ನುವ ಮಾತ್ರೆಗಳ ಚೀಟಿ ತನ್ನಿ. ಬಿಪಿ, ಶುಗರ್ ಅಂತ ಎಲ್ಲರೂ ಹೇಳುತ್ತಾರೆ, ಹಾರ್ಟಿಗೆ ಕೊಟ್ಟ ರಕ್ತ ತೆಳುವಾಗುವ ಮಾತ್ರೆ ಬಗ್ಗೆ ಹೇಳೋದು ಮರೆಯುತ್ತಾರೆ. ಅದನ್ನು ನೀವೇ ನಿಲ್ಲಿಸಿ ಬರುವುದು ಇನ್ನೂ ಅಪಾಯ. ಹೇಳಿ, ಡಾಕ್ಟರ್ ನೋಡಿಕೊಳ್ಳುತ್ತಾರೆ. ಇನ್ನೊಂದು, ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್. ಅಜ್ಜಿಯರು ಇದನ್ನು ಮಾತ್ರೆ ಲೆಕ್ಕಕ್ಕೇ ಹಿಡಿಯಲ್ಲ. ಆದರೆ ಆ ಮದ್ದು ತಗೊಂಡವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಉಳಿಯುವುದುಂಟು. ಅಜ್ಜಿಯನ್ನು ಕರೆದುಕೊಂಡು ಬರುವ ಮಗಳೋ ಸೊಸೆಯೋ ದಯವಿಟ್ಟು ಇದನ್ನು ನೆನಪಿಟ್ಟು ಹೇಳಿ.

ಈಗ ನನ್ನ ಮುಖ್ಯ ವಿಷಯ. ಹಲ್ಲು ಕಿತ್ತು ಹೊರಗೆ ಬಂದ ಮೇಲೆ ಅಲ್ಲೊಂದು ಗುಂಡಿ ಉಳಿಯುತ್ತದೆ, ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕೈಯ ಗಾಯಕ್ಕೆ ಹಕ್ಕಳೆ ಕಟ್ಟಿದ ಹಾಗೆ, ಈ ಹೆಪ್ಪೇ ಒಳಗಿನ ಮೂಳೆಗೆ ಮುಚ್ಚಳ. ಅದು ಅಲ್ಲೇ ಉಳಿದರೆ ನಿಮಗೆ ಎರಡು ದಿನದ ಸಣ್ಣ ನೋವು ಅಷ್ಟೇ. ಅದು ಕಿತ್ತುಬಂದರೆ ಮೂಳೆ ಬರಿದಾಗುತ್ತದೆ.

ನಾನು ಹತ್ತಿ ಮಡಚಿ ಗುಂಡಿ ಮೇಲಿಟ್ಟು ಗಟ್ಟಿಯಾಗಿ ಕಚ್ಚಿ ಅನ್ನುತ್ತೇನಲ್ಲ, ಅದು ಈ ಹೆಪ್ಪಿಗಾಗಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಚ್ಚಿರಬೇಕು. ಐದೈದು ನಿಮಿಷಕ್ಕೆ ತೆಗೆದು ನೋಡುವವರಿದ್ದಾರೆ, ತೆಗೆದಾಗಲೆಲ್ಲ ಹೊಸದಾಗಿ ರಕ್ತ. ಇನ್ನು ಉಗುಳುವುದು. ಬಾಯಲ್ಲಿ ರಕ್ತದ ರುಚಿ ಬಂದ ಕೂಡಲೇ ಹೊರಗೆ ಹೋಗಿ ಥೂ ಅಂತ ಉಗುಳುತ್ತಾರೆ. ಬೇಡ. ಎಂಜಲು ನುಂಗಿ. ಒಂದು ಹನಿ ರಕ್ತ ಎಂಜಲಲ್ಲಿ ಬೆರೆತರೆ ಬಾಯಿ ತುಂಬಾ ರಕ್ತ ಅನ್ನಿಸುತ್ತದೆ, ಅಷ್ಟೇ. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಎಳನೀರು ಕುಡಿಯಬೇಡಿ, ಬಿಸಿ ಕಾಫಿ ಬೇಡ.

ಎಲೆ ಅಡಿಕೆ, ಕಡ್ಡಿಪುಡಿ, ಬೀಡಿ, ಸಿಗರೇಟು. ಇದನ್ನು ನಾನು ಪ್ರತಿಯೊಬ್ಬರಿಗೂ ಬೇಡಿಕೊಂಡ ಹಾಗೆ ಹೇಳುತ್ತೇನೆ. "ಕಡ್ಡಿಪುಡಿ ಹಾಕಿದ್ರೆ ನೋವು ಕಡಿಮೆ ಆಗುತ್ತಕ್ಕಾ" ಅಂತಾರೆ ತೋಟದ ಲೈನ್ ಮನೆಯ ಹೆಂಗಸರು. ದಿನವಿಡೀ ಮಳೆಯಲ್ಲಿ, ಚಳಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಅದು ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ನಾಲ್ಕು ದಿನ ಬಿಡಿ. ಬೀಡಿ ಎಳೆಯುವ ರಭಸಕ್ಕೇ ಹೆಪ್ಪು ಏಳಬಹುದು, ಹೊಗೆಸೊಪ್ಪು ಗಾಯ ಮಾಯಲೂ ಬಿಡಲ್ಲ. ಕಾಫಿ ಕುಯ್ಲಿನ ಸಮಯದಲ್ಲಿ ಕಿತ್ತವರಿಗೆ ಇನ್ನೊಂದು ಮಾತು. ಒಂದೆರಡು ದಿನ ಬಗ್ಗಿ ಮೂಟೆ ಎತ್ತಬೇಡಿ, ರಕ್ತ ಮತ್ತೆ ಸುರು ಆಗುತ್ತದೆ. ತೋಟದ ಲೆಕ್ಕ ನೋಡುವ ರೈಟ್ರಿಗೆ ಮೊದಲೇ ಹೇಳಿ ರಜೆ ಕೇಳಿಕೊಳ್ಳಿ. ಪುತ್ತರಿ ಹಬ್ಬಕ್ಕೋ ಮದುವೆಗೋ ಹಿಂದಿನ ದಿನ ಹಲ್ಲು ಕೀಳಿಸಲೂ ಬೇಡಿ. ಅಲ್ಲಿ ಮದ್ಯದ ಗ್ಲಾಸ್ ಮುಂದೆ ಬಂದೇ ಬರುತ್ತದೆ, ನಿಮಗೆ ಆ ವಾರ ಅದು ಬೇಡವೇ ಬೇಡ.

ಹೆಪ್ಪು ಹೋದವರು ಮೂರನೇ ದಿನವೋ ನಾಲ್ಕನೇ ದಿನವೋ ವಾಪಸ್ ಬರುತ್ತಾರೆ. ಬಾಗಿಲಲ್ಲೇ ಗೊತ್ತಾಗುತ್ತದೆ, ಅಂಗೈ ಕಿವಿ ಮೇಲಿರುತ್ತದೆ, ಮೊದಲೆರಡು ದಿನ ಸರಿ ಇತ್ತು ಈಗ ಕಿವಿವರೆಗೆ ಎಳೆಯುತ್ತಿದೆ, ರಾತ್ರಿ ನಿದ್ದೆ ಇಲ್ಲ ಅನ್ನುತ್ತಾರೆ. ಬಾಯಿ ತೆರೆದರೆ ಕೆಟ್ಟ ವಾಸನೆ, ಗುಂಡಿಯೊಳಗೆ ಬೆಳ್ಳಗೆ ಮೂಳೆ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಕೆಳಗಿನ ಬುದ್ಧಿಹಲ್ಲು ಕಿತ್ತವರಿಗೆ, ಬೀಡಿ ಸೇದುವವರಿಗೆ ಜಾಸ್ತಿ. ಡಾಕ್ಟರ್ ಗುಂಡಿ ತೊಳೆದು ಲವಂಗದ ವಾಸನೆಯ ಮದ್ದು ತುಂಬುತ್ತಾರೆ, ಸ್ವಲ್ಪ ಹೊತ್ತಿಗೇ ಮುಖದ ಗಂಟು ಸಡಿಲವಾಗುತ್ತದೆ. ಹಾಗಾಗಿ ನೋವು ಕಡಿಮೆಯಾಗುವ ಬದಲು ಜಾಸ್ತಿ ಆದರೆ ಅಂಗಡಿ ಮಾತ್ರೆ ನುಂಗಿಕೊಂಡು ಮನೆಯಲ್ಲಿ ಕೂರಬೇಡಿ. ಹಲ್ಲು ನೋವಿನ ಜಾಗಕ್ಕೆ ಆಸ್ಪಿರಿನ್ ಪುಡಿ ಮಾಡಿ ಒತ್ತುವುದಂತೂ ಮಾಡಲೇಬೇಡಿ, ಒಸಡು ಸುಟ್ಟುಹೋಗುತ್ತದೆ.

ನೋವಿನ ಮಾತ್ರೆಯನ್ನು ಜೋಮು ಪೂರ್ತಿ ಇಳಿಯುವ ಮುಂಚೆ ತಗೊಳ್ಳಿ. ಜೋಮು ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಅಷ್ಟು ಹೊತ್ತು ಮಕ್ಕಳು ತುಟಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಮೊದಲ ದಿನ ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆಗೆ ಹಿಡಿಯಿರಿ, ಹತ್ತು ನಿಮಿಷ ಹಿಡಿದು ಹತ್ತು ನಿಮಿಷ ಬಿಡಿ. ತಣ್ಣಗಿನ ಗಂಜಿ, ಮೊಸರನ್ನ, ಹಾಲಲ್ಲಿ ನೆನೆಸಿದ ನೂಪುಟ್ಟು (ಅಕ್ಕಿ ಶಾವಿಗೆ) ತಿನ್ನಿ. ಅಕ್ಕಿ ತರಿಯಲ್ಲಿ ಮಾಡುವ ಪಾಪುಟ್ಟು ಮೆತ್ತಗಿದ್ದರೂ ತರಿ ಗುಂಡಿಯೊಳಗೆ ಸೇರುತ್ತದೆ, ಬೇಡ. ಪಂದಿ ಕರಿ (ಹಂದಿ ಮಾಂಸದ ಸಾರು) ಯಾವಾಗ ಅಂತ ಕೇಳದೆ ಎದ್ದುಹೋದವರು ಕಡಿಮೆ. ಅದರ ಖಾರ, ಹುಳಿಗೆ ಹಾಕುವ ಕಾಚಂಪುಳಿ ಎರಡೂ ಹಸಿ ಗಾಯಕ್ಕೆ ಉರಿ, ಒಂದು ವಾರ ತಡೆಯಿರಿ, ಆಮೇಲೂ ಇನ್ನೊಂದು ಕಡೆ ಅಗಿಯಿರಿ. ಮಾರನೇ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು ತಲೆ ಆ ಕಡೆ ಈ ಕಡೆ ವಾಲಿಸಿ, ಹಾಗೇ ಜಾರಿಸಿಬಿಡಿ. ಗಳಗಳ ಮಾಡಬೇಡಿ.

ಭಾಗಮಂಡಲದ ಕಡೆಯವರು, ನಾಪೋಕ್ಲುವಿನಾಚೆಯ ತೋಟದವರು ಇದನ್ನು ಓದುತ್ತಿದ್ದರೆ: ಸಾಧ್ಯವಾದರೆ ಮಳೆ ಹಿಡಿಯುವ ಮುಂಚೆಯೇ ಕೀಳಿಸಿಕೊಳ್ಳಿ. ರಾತ್ರಿ ರಕ್ತ ಸುರು ಆಗಿ, ರಸ್ತೆ ಮೇಲೆ ನೀರು, ಕರೆಂಟೂ ಇಲ್ಲ ಅಂದರೆ ಕಷ್ಟ. ಹಾಗೇನಾದರೂ ಆದರೆ ಮಲಗಬೇಡಿ, ಎದ್ದು ಕೂತು, ಶುದ್ಧ ಬಟ್ಟೆ ಒದ್ದೆ ಮಾಡಿ ಮಡಚಿ ಗುಂಡಿ ಮೇಲಿಟ್ಟು ಅರ್ಧ ಗಂಟೆ ಬಿಡದೆ ಕಚ್ಚಿ. ಹೆಚ್ಚಿನವರಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ, ಜ್ವರ ಬಂದರೆ, ಊತ ಕತ್ತಿಗೆ ಇಳಿದರೆ, ನುಂಗಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಕೊನೆಗೆ ಕಣ್ಣಿನ ಪ್ರಶ್ನೆ. "ಮೇಲಿನ ಹಲ್ಲು ಕಿತ್ರೆ ಕಣ್ಣು ಮಂಜಾಗುತ್ತಂತೆ?" ಇಲ್ಲ. ನೋಟದ ನರ ಬೇರೆ, ಹಲ್ಲಿನ ನೋವು ಮಿದುಳಿಗೆ ಒಯ್ಯುವ ನರ ಬೇರೆ. ವಯಸ್ಸಾದಾಗ ಹಲ್ಲು ಹೋಗುವುದೂ ಪೊರೆ ಬರುವುದೂ ಒಟ್ಟಿಗೇ ಆಗುತ್ತದೆ, ಜನ ಎರಡಕ್ಕೂ ಗಂಟು ಹಾಕಿದರು ಅಂತ ಕಾಣುತ್ತದೆ. ಈ ಹೆದರಿಕೆಗೆ ಮೇಲಿನ ಕೋರೆಹಲ್ಲನ್ನು ಕೀವು ತುಂಬಿದರೂ ಹಾಗೇ ಬಿಟ್ಟು, ಊತದಲ್ಲಿ ಕಣ್ಣೇ ಮುಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಕಣ್ಣಿಗೆ ಅಪಾಯ ಇರುವುದು ಆ ಕೀವಿನಿಂದ.

ಗುಂಡಿ ಮೇಲೆ ಒಸಡು ಮುಚ್ಚಲು ಮೂರು-ನಾಲ್ಕು ವಾರ ಬೇಕು, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು. ಬುದ್ಧಿಹಲ್ಲಾದರೆ ಅಲ್ಲಿ ಏನೂ ಕಟ್ಟಿಸಬೇಕಿಲ್ಲ. ಬೇರೆ ದವಡೆ ಹಲ್ಲಾದರೆ ಪಕ್ಕದವು ನಿಧಾನವಾಗಿ ಖಾಲಿ ಜಾಗಕ್ಕೆ ವಾಲುತ್ತವೆ, ಹಾಗಾಗಿ ಹೊಸ ಹಲ್ಲು ಯಾವಾಗ ಕಟ್ಟಿಸಬಹುದು ಅಂತ ಕಿತ್ತ ದಿನವೇ ಡಾಕ್ಟರ್ ಹತ್ತಿರ ಕೇಳಿಕೊಂಡು ಹೋಗಿ.