ಇಷ್ಟು ಆಡಿದರೂ ರೇಟಿಂಗ್ ಏಕೆ ಏರುತ್ತಿಲ್ಲ?

ಆನ್‌ಲೈನ್ ಚೆಸ್ ಆಡುವ ಪರಿಚಿತರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ದಿನವೂ ಆಡುತ್ತೇನೆ, ಸಾವಿರಾರು ಆಟಗಳಾದವು, ವಿಡಿಯೊಗಳನ್ನೂ ನೋಡುತ್ತೇನೆ. ಆದರೂ ರೇಟಿಂಗ್ ಇದ್ದಲ್ಲೇ ಇದೆ. ಏನು ಮಾಡಬೇಕು?” ಕೇಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವರಿದ್ದಾರೆ, ನಿವೃತ್ತಿಯ ನಂತರ ಕಲಿಯಲು ತೊಡಗಿದವರೂ ಇದ್ದಾರೆ. ನಾನು ತರಬೇತುದಾರನಲ್ಲ, ಹವ್ಯಾಸಕ್ಕಾಗಿ ಆಡುವವನು, ಎರಡು ವರ್ಷ ಇದೇ ಪ್ರಶ್ನೆಯ ಮುಂದೆ ನಿಂತಿದ್ದವನು. ನನಗೆ ಕೊನೆಗೆ ದೊರೆತ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೋತ ಆಟವನ್ನು ಅಲ್ಲಿಗೇ ಬಿಟ್ಟು ಮುಂದಿನ ಆಟಕ್ಕೆ ಹೋಗಬೇಡಿ. ಎಲ್ಲಿ ತಪ್ಪಿದಿರಿ, ತಪ್ಪುವ ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಎಂಜಿನ್ (ನಡೆಗಳನ್ನು ಲೆಕ್ಕ ಹಾಕಿ ತಪ್ಪು ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ) ತೆರೆಯುವ ಮೊದಲು ನೀವೇ ಹುಡುಕಿ, ಒಂದು ಸಾಲಿನಲ್ಲಿ ಬರೆದಿಡಿ.

ರೇಟಿಂಗ್ ಎಂಬ ಸಂಖ್ಯೆ ಏನನ್ನು ಹೇಳುತ್ತದೆ ಎಂಬುದು ತಿಳಿದಿದ್ದರೆ ಈ ಉತ್ತರದ ಅಗತ್ಯವೂ ತಿಳಿಯುತ್ತದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಈಲೊ ರೂಪಿಸಿದ ಪದ್ಧತಿಯನ್ನು ವಿಶ್ವ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ ಅಂಗೀಕರಿಸಿತು. ಆ ಪದ್ಧತಿಯಲ್ಲಿ ಒಬ್ಬರ ಸಂಖ್ಯೆಗೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಎದುರಾಳಿಯ ಸಂಖ್ಯೆಗೂ ಅದಕ್ಕೂ ಇರುವ ಅಂತರಕ್ಕೆ ಮಾತ್ರ ಅರ್ಥವಿದೆ. ಎದುರಾಳಿಗಿಂತ ರೇಟಿಂಗ್ 200ರಷ್ಟು ಹೆಚ್ಚಿರುವವರು 100 ಆಟಗಳಲ್ಲಿ ಸುಮಾರು 76 ಅಂಕ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ಗಳಿಸಬೇಕೆಂಬುದು ಲೆಕ್ಕ. ಸಮಾನರಾದರೆ ತಲಾ 50. ಲೀಚೆಸ್ ಮತ್ತು ಚೆಸ್ ಡಾಟ್ ಕಾಮ್ ತಾಣಗಳು ಬಳಸುವುದು ಮಾರ್ಕ್ ಗ್ಲಿಕ್‌ಮನ್ ಅವರ ಗ್ಲಿಕೊ ಪದ್ಧತಿಯ ರೂಪಗಳನ್ನು, ಆದರೆ ಅವುಗಳ ಬುನಾದಿಯೂ ಇದೇ ಚಿಂತನೆ. ಎರಡು ತಾಣಗಳಲ್ಲಿ ಆಡುವ ಜನ ಬೇರೆ ಬೇರೆಯಾದ್ದರಿಂದ ಅಲ್ಲಿನ 1500ನ್ನು ಇಲ್ಲಿನ 1500ರೊಂದಿಗೆ ಹೋಲಿಸಿ ಹಿಗ್ಗುವುದರಲ್ಲಿಯೂ ಕುಗ್ಗುವುದರಲ್ಲಿಯೂ ಹುರುಳಿಲ್ಲ. ಈ ತಾಣಗಳು ನಮಗೆ ಸದಾ ನಮ್ಮ ಮಟ್ಟದ ಎದುರಾಳಿಯನ್ನೇ ಹುಡುಕಿಕೊಡುವುದರಿಂದ ಯಾವ ಮಟ್ಟಕ್ಕೆ ಏರಿದರೂ ಆಡಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಸೋಲುತ್ತೇವೆ. ವರ್ಷಕ್ಕೆ 600 ಆಟ ಆಡುವವರ ಬಳಿ 300ಕ್ಕೆ ಹತ್ತಿರದಷ್ಟು ಸೋಲುಗಳಿರುತ್ತವೆ, ಪ್ರತಿಯೊಂದೂ ನಡೆ ನಡೆಯಾಗಿ ತಾಣದಲ್ಲಿ ದಾಖಲಾಗಿರುತ್ತದೆ. ಕಲಿಯಲು ಬೇಕಾದ ಸಾಮಗ್ರಿಯೆಲ್ಲ ಅಲ್ಲಿಯೇ ಬಿದ್ದಿದೆ. ನಾವು ಅದನ್ನು ತೆರೆದು ನೋಡುವುದಿಲ್ಲ.

ನನ್ನ ಕಣ್ಣು ತೆರೆಸಿದ ಆಟವೊಂದನ್ನು ಇಲ್ಲಿ ಇಡುತ್ತೇನೆ. ಎರಡೂ ಕಡೆಯ ರಾಣಿಗಳು ಹೋಗಿದ್ದವು, ಉಳಿದ ಕಾಯಿಗಳೂ ಬಹುಪಾಲು ಖಾಲಿಯಾಗಿದ್ದವು. ನನ್ನ ಬಿಳಿ ರಾಜ ಜಿ1ರಲ್ಲಿದ್ದ (ಅಕ್ಷರ ಹಲಗೆಯ ಕಂಬಸಾಲನ್ನು, ಅಂಕೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನು ಹೇಳುತ್ತದೆ). ಅವನ ಮುಂದೆ ಎಫ್2, ಜಿ2, ಎಚ್2 ಮನೆಗಳಲ್ಲಿ ಒಂದೂ ಕದಲದ ಮೂರು ಕಾಲಾಳುಗಳು. ನನ್ನ ಆನೆ ಎ1ರಲ್ಲಿ. ಎದುರಾಳಿಯ ಆನೆ ಸಿ8ರಲ್ಲಿತ್ತು, ಆ ಕಂಬಸಾಲು ಕೆಳಗಿನವರೆಗೂ ಖಾಲಿಯಿತ್ತು. ಎ7ರಲ್ಲಿ ಕಾವಲಿಲ್ಲದ ಕಪ್ಪು ಕಾಲಾಳೊಂದು ನಿಂತಿತ್ತು. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಸಮಯವಿದ್ದರೂ ಎರಡು ಸೆಕೆಂಡಿನಲ್ಲಿ ಆ ಕಾಲಾಳನ್ನು ಹೊಡೆದೆ. ಎದುರಾಳಿಯ ಆನೆ ಸಿ1ಕ್ಕೆ ಇಳಿಯಿತು. ರಾಜನಿಗೆ ಹೋಗಲು ಮನೆಯಿಲ್ಲ, ಅಡ್ಡ ನಿಲ್ಲಿಸಲು ಕಾಯಿಯಿಲ್ಲ, ಚೆಕ್‌ಮೇಟ್.

ಹಿಂದಿನ ಸಾಲಿನಲ್ಲಿ ರಾಜ ಸಿಕ್ಕಿಬೀಳುವ ಈ ಮೇಟನ್ನು ಚೆಸ್ ಕಲಿತ ಮೊದಲ ತಿಂಗಳಲ್ಲೇ ನಾನು ಕಲಿತಿದ್ದೆ, ಪಜಲ್‌ಗಳಲ್ಲಿ ನೂರಾರು ಸಲ ಬಿಡಿಸಿದ್ದೆ. ಎಚ್2ರ ಕಾಲಾಳನ್ನು ಮೊದಲು ಒಂದು ಮನೆ ಮುಂದಿಟ್ಟಿದ್ದರೆ ರಾಜನಿಗೆ ಕಿಂಡಿ ಸಿಗುತ್ತಿತ್ತು ಎಂಬುದನ್ನು ನನಗೆ ಯಾವ ಎಂಜಿನ್ ಕೂಡ ಹೇಳಿಕೊಡಬೇಕಾಗಿರಲಿಲ್ಲ. ಹಾಗಿದ್ದ ಮೇಲೆ ಸೋತದ್ದು ತಿಳಿವಳಿಕೆಯ ಕೊರತೆಯಿಂದಲ್ಲ. ಅಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ ಸಾಲು ಹೀಗಿದೆ: “ಎ7ರ ಕಾಲಾಳು ಕಂಡಿತು, ನನ್ನ ಆನೆ ಮೊದಲ ಸಾಲನ್ನು ಕಾಯುತ್ತಿದ್ದುದು ಕಾಣಲಿಲ್ಲ.”

ಇಂಥ ಸಾಲುಗಳನ್ನು ಎರಡು ತಿಂಗಳು ಬರೆದ ಮೇಲೆ ಒಂದು ಭಾನುವಾರ ಕುಳಿತು ಎಲ್ಲವನ್ನೂ ಒಟ್ಟಿಗೆ ಓದಿದೆ. ಆಟಗಳು ಬೇರೆ, ಎದುರಾಳಿಗಳು ಬೇರೆ, ಆದರೆ ತಪ್ಪು ಒಂದೇ ಆಗಿತ್ತು. ಒಂದು ಆಟದಲ್ಲಿ ಕಪ್ಪು ಕಾಯಿಗಳಿಂದ ಆಡುತ್ತಿದ್ದಾಗ ಎಫ್6ರ ಕುದುರೆಯನ್ನು ದಾಳಿಗೆಂದು ಮುಂದೆ ಕಳಿಸಿದ್ದೆ. ಅದು ಹೊರಟ ಕೂಡಲೇ ಎಚ್7ರ ಕಾವಲು ತಪ್ಪಿ, ಬಿಳಿಯ ರಾಣಿಯೂ ಒಂಟೆಯೂ ಸೇರಿ ಅಲ್ಲಿಯೇ ಮೇಟ್ ಮಾಡಿದ್ದವು. ಇನ್ನೊಂದರಲ್ಲಿ ಕುದುರೆಗೆ ಒತ್ತಾಸೆಯಾಗಿದ್ದ ಕಾಲಾಳನ್ನೇ ಮುಂದೆ ತಳ್ಳಿ ಕುದುರೆಯನ್ನು ಕಳೆದುಕೊಂಡಿದ್ದೆ. ಕಾಯಿ ಹೋಗಿ ನಿಲ್ಲುವ ಮನೆಯನ್ನು ನಾನು ಚೆನ್ನಾಗಿ ನೋಡುತ್ತಿದ್ದೆ, ಅದು ಬಿಟ್ಟುಹೋಗುವ ಮನೆಯನ್ನು ನೋಡುತ್ತಿರಲಿಲ್ಲ. ಯಾವ ವಿಡಿಯೊದಲ್ಲಿಯೂ ಯಾರೂ ಇದನ್ನು ನನಗೆ ಹೇಳಲು ಸಾಧ್ಯವಿರಲಿಲ್ಲ, ಏಕೆಂದರೆ ಅದು ನನ್ನ ತಪ್ಪು. ನಿಮ್ಮದು ಬೇರೆ ಇರುತ್ತದೆ. ನನ್ನ ಗೆಳೆಯರೊಬ್ಬರ ಪುಸ್ತಕದಲ್ಲಿ ಪುಟದ ಮೇಲೆ ಪುಟ ಕಂಡದ್ದು “ಎದುರಾಳಿಯ ನಡೆ ನೋಡುವ ಮೊದಲೇ ನನ್ನ ನಡೆ ನಿರ್ಧರಿಸಿದ್ದೆ” ಎಂಬುದು. ಅವರು ಆಡುವಾಗ ಎದುರಾಳಿ ಕಾಯಿ ಇಟ್ಟ ಮೇಲೆ ಮೌಸಿನಿಂದ ಕೈ ತೆಗೆದು, ಈ ನಡೆ ಏನನ್ನು ಬೆದರಿಸುತ್ತಿದೆ ಎಂದು ಕೇಳಿಕೊಳ್ಳುವುದನ್ನು ರೂಢಿಸಿಕೊಂಡರು. ನಾನು ಪ್ರತಿ ನಡೆಗೂ ಮೊದಲು, ಈ ಕಾಯಿ ಇಲ್ಲಿಂದ ಎದ್ದರೆ ಏನು ಸಡಿಲವಾಗುತ್ತದೆ ಎಂದು ಕೇಳಿಕೊಳ್ಳತೊಡಗಿದೆ. ರೇಟಿಂಗ್ ಅಲುಗಾಡಿದ್ದು ಆಮೇಲೆ.

ಈ ಕೆಲಸಕ್ಕೆ ನಿಧಾನದ ಆಟಗಳು ಬೇಕು. ಒಂದು ನಿಮಿಷದ ಬುಲೆಟ್ ಆಟದಲ್ಲಿ ಸೋತವರು ಆ ನಡೆ ಏಕೆ ಆಡಿದಿರಿ ಎಂಬ ಪ್ರಶ್ನೆಗೆ ಸಮಯವಿರಲಿಲ್ಲ ಎಂದು ಉತ್ತರಿಸುತ್ತಾರೆ, ಆ ಉತ್ತರ ನಿಜವೂ ಹೌದು. ಅಲ್ಲಿ ಯೋಚನೆಯೇ ನಡೆದಿರುವುದಿಲ್ಲವಾದ್ದರಿಂದ ತಿದ್ದಬೇಕಾದ ಯೋಚನೆಯೂ ಸಿಗುವುದಿಲ್ಲ. ಮೂರು-ಐದು ನಿಮಿಷದ ಬ್ಲಿಟ್ಜ್ ಆಡುವ ಸಂತೋಷವನ್ನು ನಾನು ಬಲ್ಲೆ, ಅದನ್ನು ಬಿಡಿ ಎನ್ನುವುದಿಲ್ಲ. ಆದರೆ ಸುಧಾರಿಸುವ ಉದ್ದೇಶದಿಂದ ಆಡುವ ಆಟಕ್ಕೆ ಕನಿಷ್ಠ 15 ನಿಮಿಷ, ಜೊತೆಗೆ ಪ್ರತಿ ನಡೆಗೆ 10 ಸೆಕೆಂಡ್ ಸೇರುವ ರ‍್ಯಾಪಿಡ್ ಗಡಿಯಾರವನ್ನು ಆರಿಸಿಕೊಳ್ಳಿ. ಹಾಗೆ ಆರಿಸಿಕೊಂಡ ಮೇಲೆ ಆ ಸಮಯವನ್ನು ಬಳಸಿ. 15 ನಿಮಿಷದ ಆಟವನ್ನು 11 ನಿಮಿಷ ಉಳಿಸಿಕೊಂಡು ಸೋಲುವವರನ್ನು ನಾನು ಬಹಳ ನೋಡಿದ್ದೇನೆ.

ಎಂಜಿನ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಸ್ಟಾಕ್‌ಫಿಶ್‌ನಂಥ ಎಂಜಿನ್ ಯಾವುದೇ ಮನುಷ್ಯನಿಗಿಂತ ಬಹಳ ಬಲಶಾಲಿ, ಅದು ಉಚಿತವಾಗಿ ಎಲ್ಲರ ಕೈಗೂ ಸಿಗುವುದು ನಮ್ಮ ಕಾಲದ ಭಾಗ್ಯ. ಆದರೆ ಆಟ ಮುಗಿದ ತಕ್ಷಣ ಅದನ್ನು ತೆರೆದರೆ ಕೆಂಪು ಗುರುತು ಎಲ್ಲಿದೆ ಎಂದು ತೋರಿಸುತ್ತದೆ, ಸರಿಯಾದ ನಡೆ ಯಾವುದೆಂದು ಹೇಳುತ್ತದೆ, ನಾವು “ಓಹೋ” ಎಂದು ತಲೆಯಾಡಿಸಿ ಮುಂದಿನ ಆಟಕ್ಕೆ ಒತ್ತುತ್ತೇವೆ. ನಾನು ಏನನ್ನು ಯೋಚಿಸುತ್ತಿದ್ದೆ ಎಂಬುದು ಎಂಜಿನ್‌ಗೆ ಗೊತ್ತಿಲ್ಲ. ಅದು ಗೊತ್ತಿರುವುದು ನನಗೊಬ್ಬನಿಗೆ, ಅದೂ ಆಟ ಮುಗಿದ ಅರ್ಧ ಗಂಟೆಯವರೆಗೆ ಮಾತ್ರ. ಆದ್ದರಿಂದ ಮೊದಲು ಎಂಜಿನ್ ಇಲ್ಲದೆ ಆಟವನ್ನು ಒಮ್ಮೆ ನಡೆಸಿ ನೋಡಿ, ಎಲ್ಲಿ ಆಟ ತಿರುಗಿತು ಎಂದು ನಿಮಗೆ ಅನ್ನಿಸುತ್ತದೋ ಅಲ್ಲಿ ಗುರುತು ಹಾಕಿ, ಬದಲಿ ನಡೆಯೊಂದನ್ನು ನೀವೇ ಸೂಚಿಸಿ, ಆಮೇಲೆ ಎಂಜಿನ್ ತೆರೆಯಿರಿ. ನಿಮ್ಮ ಗುರುತೂ ಅದರ ಗುರುತೂ ಬೇರೆ ಬೇರೆ ಕಡೆ ಬಿದ್ದರೆ ಆ ಆಟದಲ್ಲಿ ಕಲಿಯಲು ಎರಡು ಸಂಗತಿಗಳಿವೆ ಎಂದು ತಿಳಿಯಿರಿ. ವಿಶ್ವ ಚಾಂಪಿಯನ್ ಆಗಿದ್ದ ಮಿಖಾಯಿಲ್ ಬೊತ್ವಿನಿಕ್ ತಮ್ಮ ಆಟಗಳನ್ನು ತಾವೇ ಕಟುವಾಗಿ ವಿಶ್ಲೇಷಿಸಿ, ಇತರರು ತಪ್ಪು ಹುಡುಕಲೆಂದು ಆ ವಿಶ್ಲೇಷಣೆಯನ್ನು ಪ್ರಕಟಿಸಬೇಕೆಂದು ಒತ್ತಿ ಹೇಳುತ್ತಿದ್ದರು. ಅವರ ಕಾಲದಲ್ಲಿ ಎಂಜಿನ್ ಸ್ಥಾನದಲ್ಲಿದ್ದವರು ಓದುಗರು. ಆದರೆ ಸ್ವಂತ ವಿಶ್ಲೇಷಣೆ ಮೊದಲು, ತಿದ್ದುಪಡಿ ಆಮೇಲೆ ಎಂಬ ಅನುಕ್ರಮ ಅಂದೂ ಇದೇ.

ಪಜಲ್‌ಗಳು ಬೇಕೇ ಎಂದರೆ ಖಂಡಿತ ಬೇಕು. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ನೆನಪಿನಿಂದ ಜೋಡಿಸಲು ಹೇಳಿದಾಗ ಮಾಸ್ಟರ್ ಆಟಗಾರ ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಟ್ಟರು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಬಹುಮಟ್ಟಿಗೆ ಇಲ್ಲವಾಯಿತು. ಬಲ್ಲವರು ಬಿಡಿ ಕಾಯಿಗಳನ್ನು ನೋಡುವುದಿಲ್ಲ, ಪರಿಚಿತ ಗುಂಪುಗಳನ್ನು ಗುರುತಿಸುತ್ತಾರೆ. ಗುರುತು ಬೆಳೆಯುವುದು ಒಂದೇ ಬಗೆಯ ವಿನ್ಯಾಸ ಮತ್ತೆ ಮತ್ತೆ ಕಣ್ಣಿಗೆ ಬಿದ್ದಾಗ. ಆದಕಾರಣ ಕಠಿಣವಾದ ಹತ್ತು ಪಜಲ್‌ಗಳ ಮುಂದೆ ಒದ್ದಾಡುವುದಕ್ಕಿಂತ ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ದಾಳಿ ಮಾಡುವುದು), ಪಿನ್ (ಹಿಂದಿರುವ ಬೆಲೆಬಾಳುವ ಕಾಯಿಯಿಂದಾಗಿ ಮುಂದಿನದು ಕದಲಲಾಗದಿರುವುದು), ಹಿಂದಿನ ಸಾಲಿನ ಮೇಟ್ ಮುಂತಾದವುಗಳ ಸುಲಭ ಪಜಲ್‌ಗಳನ್ನು ವಿಷಯವಾರು ಆರಿಸಿಕೊಂಡು, ಬಿಡಿಸಿದ್ದನ್ನೇ ಕೆಲವು ವಾರಗಳ ನಂತರ ಮತ್ತೆ ಬಿಡಿಸುವುದು ಹೆಚ್ಚು ಫಲ ಕೊಡುತ್ತದೆ. ಯಾವ ವಿಷಯ ಆರಿಸಬೇಕೆಂಬುದನ್ನು ನಿಮ್ಮ ಪುಸ್ತಕವೇ ಹೇಳುತ್ತದೆ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಪಜಲ್ ಎದುರಿಗಿದ್ದಾಗ ಇಲ್ಲೊಂದು ಗೆಲ್ಲುವ ನಡೆಯಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಆ ಸೂಚನೆಯನ್ನು ಕೊಡುವವರು ಯಾರೂ ಇರುವುದಿಲ್ಲ.

ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಬಗ್ಗೆ ಹೆಚ್ಚು ಹೇಳಲಾರೆ. ಬಿಳಿಗೆ ಒಂದು, ಕಪ್ಪಿಗೆ ಎರಡು ಆರಿಸಿಕೊಂಡು ವರ್ಷವಿಡೀ ಅವನ್ನೇ ಆಡಿ. ಸೋತ ಆಟದಲ್ಲಿ ಮೊದಲ ಹತ್ತು ನಡೆಗಳಲ್ಲೇ ಎಡವಿದ್ದರೆ ಆ ಒಂದು ಕವಲನ್ನು ನೋಡಿಕೊಂಡರೆ ಸಾಕು.

ಕೆಲವೇ ಕಾಯಿಗಳು ಉಳಿಯುವ ಕೊನೆಯ ಹಂತವಾದ ಎಂಡ್‌ಗೇಮ್‌ಗೆ ಮಾತ್ರ ಹೆಚ್ಚು ಪ್ರೀತಿ ತೋರಿಸಬೇಕೆಂದು ನನ್ನ ಬಯಕೆ, ಏಕೆಂದರೆ ಅಲ್ಲಿ ಕಲಿತದ್ದು ಹಳತಾಗುವುದಿಲ್ಲ. ಬಿಳಿ ರಾಜ ಇ6ರಲ್ಲಿ, ಅವನ ಹಿಂದೆ ಇ5ರಲ್ಲಿ ಕಾಲಾಳು, ಕಪ್ಪು ರಾಜ ಇ8ರಲ್ಲಿ ಇದ್ದರೆ ಸರದಿ ಯಾರದ್ದೇ ಆಗಲಿ ಬಿಳಿ ಗೆಲ್ಲುತ್ತದೆ. ಅದೇ ರಾಜ ಮತ್ತು ಕಾಲಾಳು ಮನೆ ಬದಲಿಸಿಕೊಂಡು, ಕಾಲಾಳು ಇ6ರಲ್ಲಿ, ರಾಜ ಅದರ ಹಿಂದೆ ಇ5ರಲ್ಲಿ ನಿಂತರೆ, ಕಪ್ಪು ತಪ್ಪು ಮಾಡದ ಹೊರತು ಆಟ ಡ್ರಾ. ರಾಜ ಮುಂದೆ, ಕಾಲಾಳು ಹಿಂದೆ ಎಂಬ ಈ ಒಂದು ವಿಷಯ ತಿಳಿಯದೆ ಗೆದ್ದ ಆಟಗಳನ್ನು ಡ್ರಾ ಮಾಡಿಕೊಂಡವರು ನನ್ನ ಮಟ್ಟದಲ್ಲಿ ಬಹಳ ಜನ. ಹತ್ತು ನಿಮಿಷ ಹಲಗೆಯ ಮೇಲೆ ಕಾಯಿಯಿಟ್ಟು ಎರಡೂ ಕಡೆಯಿಂದ ಆಡಿ ನೋಡಿದರೆ ಅದು ಜೀವಮಾನವಿಡೀ ಉಳಿಯುತ್ತದೆ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಇದಾದ ಮೇಲೆ ಬರುವ ಪ್ರಶ್ನೆ. ರಾತ್ರಿ ಒಂದು ಗಂಟೆ ಸಿಗುವವರು ಐದು ನಿಮಿಷದ ಐದಾರು ಆಟ ಆಡುವ ಬದಲು ಒಂದೇ ಒಂದು ರ‍್ಯಾಪಿಡ್ ಆಟ ಆಡಿ, ಉಳಿದ ಹೊತ್ತನ್ನು ಆ ಆಟದ ಮೇಲೆ ಕಳೆಯಬಹುದು. ಎರಡು ಆಟ ಸಾಲಾಗಿ ಸೋತರೆ ಮೂರನೆಯದನ್ನು ಆರಂಭಿಸದಿರುವುದು ಒಳ್ಳೆಯದು. ಕಳೆದ ರೇಟಿಂಗನ್ನು ಅಂದೇ ಹಿಂದಕ್ಕೆ ತರಬೇಕೆಂಬ ಹಟದಲ್ಲಿ ಆಡಿದ ಆಟಗಳ ಬಗ್ಗೆ ನನ್ನ ಪುಸ್ತಕದಲ್ಲಿ ಬರೆಯಲು ಯೋಗ್ಯವಾದ ಒಂದು ಸಾಲೂ ಇಲ್ಲ. ಪುಸ್ತಕ ಇನ್ನೂ ನಡೆಯುತ್ತಿದೆ. ಈ ವಾರದ ಮೂರು ಸಾಲುಗಳಲ್ಲಿ ಆನೆ ಕಾವಲು ಬಿಟ್ಟುಹೋದ ತಪ್ಪು ಇಲ್ಲ. ಬದಲಿಗೆ, ಗೆಲ್ಲುತ್ತಿರುವಾಗ ಕಾಯಿಗಳನ್ನು ಬದಲಾಯಿಸಿಕೊಳ್ಳಲು ಹಿಂಜರಿಯುತ್ತೇನೆ ಎಂಬುದು ಎರಡು ಸಲ ಬಂದಿದೆ, ಈಗ ಅದನ್ನು ನೋಡಬೇಕಾಗಿದೆ.